ಹಿಂದಿನ ಟ್ರಾಲಿಗೆ ಬ್ರೇಕಿಲ್ಲ

ಮದುವೆಯಾಗಿ ಗೋಕಾಕ ಬಿಟ್ಟು ಇಚಲಕರಂಜಿ ಕಡೆ ಬಂದ ಮೇಲೆ ಮರಾಠಿ ಕಲಿತೆ, ಸ್ಕೂಟಿ ಕಲಿತೆ. ಇಲ್ಲಿಯ ರಸ್ತೆಗಳಿಗೆ ಮಾತ್ರ ಇನ್ನೂ ಹೊಂದಿಕೊಳ್ಳಲಾಗಿಲ್ಲ. ಮನೆ ಕೊರೋಚಿಯಲ್ಲಿ, ನನ್ನ ಹೊಲಿಗೆ ಅಂಗಡಿ ಇಚಲಕರಂಜಿ ಪೇಟೆಯಲ್ಲಿ. ಮಳೆಗಾಲ ಮುಗಿದೊಡನೆ ತೆಗ್ಗುಗಳಿಗೆ ಒಂದಿಷ್ಟು ಮಣ್ಣು ಸುರಿಯುತ್ತಾರೆ. ಕಬ್ಬಿನ ಟ್ರ್ಯಾಕ್ಟರುಗಳು ಅದನ್ನು ವಾರದೊಳಗೆ ಕಿತ್ತು ಹಾಕುತ್ತವೆ.

ಹೋದ ಚಳಿಗಾಲದಲ್ಲಿ ಒಂದು ಮುಂಜಾನೆ ಅತ್ತೆಯನ್ನು ಹಿಂದೆ ಕೂರಿಸಿಕೊಂಡು ದವಾಖಾನೆಗೆ ಹೊರಟಿದ್ದೆ. ಅವರ ಕಣ್ಣಿನ ಆಪರೇಷನ್ ಆಗಿ ಎಂಟು ದಿನವಾಗಿತ್ತು. ರಿಕ್ಷಾದ ಕುಲುಕಾಟಕ್ಕಿಂತ ಸ್ಕೂಟಿಯೇ ವಾಸಿ ಎಂದು, ತೆಗ್ಗು ತಪ್ಪಿಸುತ್ತ ಮೆಲ್ಲಗೆ ಹೋಗುತ್ತಿದ್ದೆ. ಎರಡು ಟ್ರಾಲಿ ಕಬ್ಬು ಎಳೆದುಕೊಂಡು, ಹಾಡು ಜೋರು ಹಚ್ಚಿಕೊಂಡು ಒಂದು ಟ್ರ್ಯಾಕ್ಟರ್ ಹಿಂದಿನಿಂದ ಮೈಮೇಲೆಯೇ ಬಂತು. ಹಾರ್ನ್ ಇಲ್ಲ, ಏನಿಲ್ಲ. ನಾನು ಅಂಚಿಗೆ ಸರಿದೆ. ಮುಂದಿನ ಗಾಲಿ ತೆಗ್ಗಿಗೆ ಇಳಿದು ಇಬ್ಬರೂ ಬಿದ್ದೆವು.

"ಅತ್ತಿ, ಕಣ್ಣಿಗೇನಾರ ಆತೇನ್ರಿ?"

ಅವರು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ಕುಳಿತಿದ್ದರು. "ನನಗೇನಾಗಿಲ್ಲ. ಅವನ್ನ ಹಿಡಿ ಮೊದಲ!"

ಮುಂದಿನ ಚೌಕದಲ್ಲಿ ವಾಹನಗಳು ಗಂಟುಬಿದ್ದು ಟ್ರ್ಯಾಕ್ಟರ್ ನಿಂತಿತ್ತು. ಓಡಿಹೋಗಿ ಅದರ ಮುಂದೆ ನಿಂತೆ. "ದಿಸತ ನಾಯ್ ಕಾ?" ಕಣ್ಣು ಕಾಣುವುದಿಲ್ಲವೇ ಎಂದು ಕೇಳಿದೆ. ಅಲ್ಲಿಗೆ ನನ್ನ ಮರಾಠಿ ಮುಗಿಯಿತು. ದಿನವಿಡೀ ಗಿರಾಕಿಗಳ ಜೊತೆ ಆಡುವ ಭಾಷೆ ಸಿಟ್ಟಿಗೆ ಒದಗಲಿಲ್ಲ. "ನಿನ್ನ ಮನ್ಯಾಗ ತಾಯಿ ಇಲ್ಲೇನೋ?" ಎಂದು ಕನ್ನಡದಲ್ಲೇ ಕೂಗಿದೆ.

ಡ್ರೈವರ್ ಹಾಡು ನಿಲ್ಲಿಸಿದ. "ಅದಾಳ್ರಿ ಅಕ್ಕಾರ. ತಪ್ಪಾತ್ರಿ."

"ಬ್ರೇಕ್ ಹಾಕಾಕ ಏನಾಗಿತ್ತು?"

"ಹಿಂದಿನ ಟ್ರಾಲಿಗೆ ಬ್ರೇಕಿಲ್ರಿ. ಒಮ್ಮೆಲೆ ಹಿಡದ್ರ ಮಗಚತೈತ್ರಿ."

ಚಹಾಕ್ಕೆ ಸಕ್ಕರೆ ಇಲ್ಲ ಎನ್ನುವಷ್ಟು ಸಲೀಸಾಗಿ ಹೇಳಿದ. ನನ್ನ ಮೈ ಉರಿದುಹೋಯಿತು. ಅವನನ್ನು ಇಳಿಸಿ ಅತ್ತೆಯ ಬಳಿಗೆ ಕರೆದೊಯ್ದೆ. ಅವರ ಬಾಯಿಗೆ ಸಿಕ್ಕರೆ ಬುದ್ಧಿ ಬರುತ್ತದೆ ಎಂದುಕೊಂಡಿದ್ದೆ. ಅತ್ತೆ ಕೇಳಿದ್ದು ಒಂದೇ: "ಯಾವೂರಾಂವೋ ನೀನು?"

"ಅಥಣಿ ಕಡಿಯಾಂವ್ರಿ."

"ನಮ್ಮ ಕಡ್ಯಾಂವನ ಬಿಡು. ಸಾವಕಾಶ ಹೋಗಪ್ಪಾ" ಎಂದರು. ಅವರ ತವರೂ ಅಥಣಿ ಕಡೆಯದೇ. ಅವನು ಸ್ಕೂಟಿ ಎತ್ತಿ ನಿಲ್ಲಿಸಿ, ಕೈಮುಗಿದು ಹೊರಟೇಬಿಟ್ಟ.

ದವಾಖಾನೆಯಲ್ಲಿ ಡಾಕ್ಟರು ಕೆಂಪಗಾದ ಕಣ್ಣು ನೋಡಿ ಗದರಿದ್ದು ನನ್ನನ್ನು. ಇವರನ್ನು ಸ್ಕೂಟಿ ಮೇಲೆ ಕೂರಿಸಿದವರು ಯಾರು ಎಂದರು. ಕಣ್ಣು ಉಳಿಯಿತು, ಆದರೆ ಮತ್ತೆ ತಿಂಗಳೊಪ್ಪತ್ತು ಔಷಧ ಹಾಕಬೇಕಾಯಿತು.

ಆಮೇಲೆ ನಾನು ಮಗ್ಗಗಳ ಓಣಿಯೊಳಗಿನ ಸುತ್ತು ದಾರಿ ಹಿಡಿದೆ. ಹೋದ ವಾರ ಅದನ್ನೂ ನೀರಿನ ಪೈಪಿಗೆಂದು ಅಗೆದು, ಹಾಗೇ ಬಿಟ್ಟು ಹೋಗಿದ್ದಾರೆ.