ಕಿಂಡಿ ಮುಚ್ಚಿದ ಫ್ಲಾಪಿ

ಕಂಪ್ಯೂಟರ್ ರಿಪೇರಿಯವರು ಹರಿಹರದಿಂದ ಬಸ್ಸಿನಲ್ಲಿ ದಾವಣಗೆರೆಯ ನಮ್ಮ ಮನೆಗೆ ಬರುತ್ತಿದ್ದರು. ಬಂದವರೇ ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡು, ಅಂಗಿಯ ಜೇಬಿನಿಂದ ವೈರಸ್ ತೆಗೆಯುವ ಫ್ಲಾಪಿಯನ್ನು ಹೊರಗೆ ತೆಗೆಯುತ್ತಿದ್ದರು.

"ಯಾರ ಫ್ಲಾಪಿ ಹಾಕಿದ್ರಿ?" ಎಂದು ಪ್ರತಿ ಸಲವೂ ಗದರುವರು. "ಬ್ಯಾರೆಯವ್ರ ಮಷೀನಿಗೆ ಹಾಕೋ ಮುಂಚೆ ಫ್ಲಾಪಿ ಮೂಲ್ಯಾಗಿರೋ ಕಿಂಡಿ ತೆಗೀರಿ. ತೆಗೆದಿದ್ರೆ ಅದ್ರಾಗೆ ಹೊಸದೇನೂ ಬರೆಯಕ್ಕಾಗಂಗಿಲ್ಲ, ವೈರಸ್ಸೂ ಅಂಟಂಗಿಲ್ಲ."

ಅಕ್ಕನ ಇಂಜಿನಿಯರಿಂಗ್ ಪ್ರಾಜೆಕ್ಟ್ ಪೂರ್ತಿ ನಮ್ಮ ಕಂಪ್ಯೂಟರಿನಲ್ಲೇ ಇತ್ತು. ರಿಪೇರಿಯವರು ಒಮ್ಮೆ ತೆಗೆದುಹೋಗಿದ್ದ ವೈರಸ್ ವಾರದೊಳಗೆ ಮರಳಿತು. ಫೈಲುಗಳು ಒಂದೊಂದಾಗಿ ಕೆಡತೊಡಗಿದವು. ಅಕ್ಕನಿಗೆ ಊಟ ಸೇರಲಿಲ್ಲ. ಮತ್ತೆ ಅವರನ್ನು ಕರೆಸಿದೆವು.

"ಯಾರ ಫ್ಲಾಪಿ ಹಾಕಿದ್ರಿ?"

"ನಿಮ್ದು ಬಿಟ್ರೆ ಯಾರ್ದೂ ಹಾಕಿಲ್ರಿ," ಎಂದಳು ಅಕ್ಕ, ಅಳುವ ದನಿಯಲ್ಲಿ.

ಡ್ರೈವಿನ ಬಾಯಿಗೆ ಹೋಗಿದ್ದ ಅವರ ಕೈ ಅಲ್ಲೇ ನಿಂತಿತು. ಫ್ಲಾಪಿಯನ್ನು ಬೆಳಕಿಗೆ ಹಿಡಿದರು. ಕಿಂಡಿ ಮುಚ್ಚಿತ್ತು.

"ಹೊಸ ವೈರಸ್ಸಿಗೆ ಔಷಧ ತುಂಬ್ಸೋವಾಗ ಮುಚ್ಚಿದ್ದೆ. ತೆಗೆಯೋದು ಮರ್ತುಬಿಟ್ಟೀನಿ. ಬ್ಯಾರೆ ಫ್ಲಾಪಿ ತರ್ತೀನಿ, ಅಲ್ಲೀತನಕ ಮಷೀನ್ ಆನ್ ಮಾಡಬ್ಯಾಡ್ರಿ."

"ನಮ್ಮನೆ ಆದ್ಮ್ಯಾಲೆ ಈ ಫ್ಲಾಪೀನ ಮತ್ತೆ ಎಲ್ಲೆಲ್ಲಿ ಹಾಕಿದ್ರಿ?" ಎಂದು ಅಕ್ಕ ಕೇಳಿದಳು.

ಅವರು ಎದ್ದು ಬಚ್ಚಲಿಗೆ ಹೋದರು. ಹೊರಡುವ ಮುಂಚೆ ಅವರು ಕೈ ತೊಳೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ.