ಬೇಲಿಯ ಸರದಿ

ನನ್ನ ತಮ್ಮ ಪುಟ್ಟರಾಜುವಿಗೆ ಮೂವತ್ತೆರಡು ವರ್ಷ. ಯಾರು ಏನು ಕೇಳಿದರೂ ಆಗಲಿ ಎಂದುಬಿಡುತ್ತಾನೆ, ಅರ್ಧ ಮಾಡಿ ಮರೆಯುತ್ತಾನೆ. ಒಂದು ಮಾತು ಗದರಿದರೆ ಎರಡು ದಿನ ಅನ್ನ ಬಿಡುತ್ತಾನೆ. ಹೆಂಡತಿ ಸಾಕಾಗಿ ತವರಿಗೆ ಹೋದಳು. ನಾನೇನು ಕಮ್ಮಿ? ಸೋಮಾರಿ, ತಿಕ್ಕಲು ಎಂದು ಬಾಯಿಗೆ ಬಂದಂತೆ ಬೈದವಳೇ.

ಹೋದ ವರ್ಷ ಚಾಮರಾಜನಗರದ ಡಾಕ್ಟರು, "ಇದು ಎಡಿಎಚ್‌ಡಿ ಕಣಮ್ಮ, ಗಮನ ಒಂದು ಕಡೆ ನಿಲ್ಲದ ತೊಂದರೆ, ಬೇಕಂತ ಮಾಡೋದಲ್ಲ," ಎಂದಾಗ ನಾನು ಬೈದದ್ದೆಲ್ಲ ನೆನಪಾಯಿತು. ಮಾತ್ರೆ ಬರೆದುಕೊಟ್ಟರು. ಆಗದಿದ್ದರೆ ಆಗಲ್ಲ ಅನ್ನುವುದನ್ನು ಕಲಿ ಎಂದು ಅವನಿಗೆ ಹೇಳಿದರು.

ನಮ್ಮ ಊರು ಗುಂಡ್ಲುಪೇಟೆಯ ಆಚೆ, ಕಾಡಂಚು. ಆನೆ ಬಾರದಂತೆ ನಮ್ಮ ಜಮೀನಿಗೂ ಪಕ್ಕದ ಶಿವಸ್ವಾಮಿಯ ಜಮೀನಿಗೂ ಸೇರಿ ಒಂದೇ ಸೋಲಾರ್ ಬೇಲಿ. ಸಂಜೆ ಸ್ವಿಚ್ ಹಾಕುವುದು ಒಂದು ವಾರ ನಾವು, ಒಂದು ವಾರ ಅವನು. ಸರದಿ ಬರೀ ಹೆಸರಿಗೆ. ಎರಡು ವರ್ಷದಿಂದ ಎಲ್ಲವೂ ಪುಟ್ಟರಾಜುವಿನ ತಲೆ ಮೇಲೆ. ಭಾವ, ಅಂದರೆ ನನ್ನ ಯಜಮಾನರು, ಬಾಳೆತೋಟದ ಗುಡಿಸಲಲ್ಲಿ ಕಾವಲು ಮಲಗುತ್ತಾರೆಂಬ ಭಯಕ್ಕೆ, ಫೋನಿನಲ್ಲಿ ಅಲಾರಂ ಇಟ್ಟು ಇದೊಂದನ್ನು ಮಾತ್ರ ಅವನು ಮರೆತಿರಲಿಲ್ಲ.

ಮೊನ್ನೆ ಸಂಜೆ ಕುಣಿಯುತ್ತಾ ಬಂದ. "ಅಕ್ಕ, ಶಿವಸ್ವಾಮಣ್ಣಂಗೆ ಬೆಳಿಗ್ಗೆನೇ ಹೇಳ್ಬುಟ್ಟೆ ಕಣಕ್ಕ, ಈ ವಾರ ನಿಂದೇ ಸರದಿ, ನನ್ ಕೈಲಿ ಆಗಲ್ಲ ಅಂತ! ಅಲಾರಂನೂ ತೆಗ್ದಾಕ್ಬುಟ್ಟೆ."

"ಭೇಷ್ ಕಣ್ಲಾ!" ಎಂದು ಬೆನ್ನು ತಟ್ಟಿ ಕಾಫಿ ಕೊಟ್ಟೆ. ನಿಜವಾಗಿ ಹೆಮ್ಮೆಯಾಯಿತು. ಯಜಮಾನರು ಆಗಲೇ ಟಾರ್ಚ್ ಹಿಡಿದು ತೋಟಕ್ಕೆ ಹೋಗಿದ್ದರು.

ಲೋಟ ತೊಳೆಯುವಾಗ, ಶಿವಸ್ವಾಮಿ ಸ್ವಿಚ್ ಹಾಕಿದನೋ ಇಲ್ಲವೋ ಎಂದು ಅನುಮಾನ ಬಂತು. ಶಿವಸ್ವಾಮಿಗೆ ಫೋನ್ ಮಾಡಿದೆ. ಅವನು ಗುಂಡ್ಲುಪೇಟೆ ಮಾರ್ಕೆಟ್ಟಿನಲ್ಲಿದ್ದ.

"ಆಗಲ್ಲ ಅಂತ ಏನೋ ಅಂದ ಕಣವ್ವ," ಎಂದು ನಕ್ಕ. "ಅವನ ಮಾತು ಯಾರ್ ಕೇಳ್ತಾರೆ? ಹಾಕಿರ್ತಾನೆ ಬುಡು."

ಅಯ್ಯೋ ಶಿವನೇ! ಕೇಳಿಸಿಕೊಂಡ ಪುಟ್ಟರಾಜು ಚಪ್ಪಲಿ ಬಿಟ್ಟು ಓಡಿದ. ನಾನು ಹಿಂದೆ. ಸ್ವಿಚ್ ಪೆಟ್ಟಿಗೆಯ ದೀಪ ಉರಿಯುತ್ತಿರಲಿಲ್ಲ. ಅದರಾಚೆ ಎರಡು ಕಂಬ ಮಲಗಿದ್ದವು, ತಂತಿ ನೆಲಕ್ಕೆ ಬಿದ್ದಿತ್ತು. ಬಾಳೆತೋಟದೊಳಗೆ ಗಿಡಗಳು ಒಂದೊಂದಾಗಿ ಮುರಿಯುತ್ತಿದ್ದವು.

ಯಜಮಾನರಿಗೆ ಫೋನ್ ಹಚ್ಚಿದೆ. ಗುಡಿಸಲ ಕಡೆಯಿಂದ ರಿಂಗಾಗುವುದು ಕೇಳಿಸಿತು. ಎತ್ತಲಿಲ್ಲ.

"ನಂದೇ ತಪ್ಪು ಅಕ್ಕ, ಇನ್ನೆಂದೂ ಆಗಲ್ಲ ಅನ್ನಲ್ಲ," ಎಂದು ಪುಟ್ಟರಾಜು ತಲೆ ಚಚ್ಚಿಕೊಂಡ.

ನಿಂದಲ್ಲ ಕಣ್ಲಾ ಎನ್ನಬೇಕಿತ್ತು. ನಾನು ಮತ್ತೆ ಯಜಮಾನರ ನಂಬರನ್ನೇ ಒತ್ತಿದೆ. ಫೋನ್ ಇನ್ನೂ ರಿಂಗಾಗುತ್ತಿತ್ತು.