ಮೂರು ಮೈಲಿಗೆ ನಿಲ್ಲುತ್ತಿದ್ದ ಗಾಡಿ

ಮಸ್ಕಿಯ ಮಾಳಿಂಗಪ್ಪನಿಗೆ ಗಾಡಿ ರಿಪೇರಿ ಮಾಡುವುದಕ್ಕಿಂತ ಅದು ಯಾಕೆ ಕೆಟ್ಟಿತು ಎಂದು ತಿಳಿಯುವುದೇ ದೊಡ್ಡ ಚಟ. ಸಿಂಧನೂರಿನಲ್ಲಿ ಲಾರಿಗಳ ಕೆಳಗೆ ಮಲಗಿ ಕೆಲಸ ಕಲಿತವನು. ಕೆಟ್ಟದ್ದನ್ನು ತೆಗೆದು ಹೊಸದು ಹಾಕಿದರೆ ಮುಗಿಯಿತಲ್ಲ? ಇಲ್ಲ, ಈ ಮಹಾರಾಯನಿಗೆ ಹಳೆಯದನ್ನು ಬಿಚ್ಚಿ, ಮೂಸಿ, ಬಿಸಿಲಿಗೆ ಹಿಡಿದು ನೋಡದಿದ್ದರೆ ಉಂಡ ರೊಟ್ಟಿ ಕರಗುತ್ತಿರಲಿಲ್ಲ. ಗಿರಾಕಿಗಳು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಬೈದು ಮತ್ತೆ ಅವನ ಹತ್ತಿರವೇ ಬರುತ್ತಿದ್ದರು.

೧೯೯೩ರ ಬೇಸಿಗೆಯಲ್ಲಿ ಜೈನಾಬೀ ಅವನಿಗೆ ಹೇಳಿ ಕಳಿಸಿದಳು. ಅವಳ ಗಂಡ ಇಸ್ಮಾಯಿಲ್‌ಸಾಬ್ ಮೊದಲು ಸ್ವಂತ ಅಂಬಾಸಡರನ್ನು ಬಾಡಿಗೆಗೆ ಓಡಿಸುತ್ತಿದ್ದ. ಆರು ವರ್ಷದ ಹಿಂದೆ ಡ್ರೈವರ್ ಕೆಲಸಕ್ಕೆಂದು ಸೌದಿಗೆ ಹೋದವನು ತಿರುಗಿ ಬಂದಿರಲಿಲ್ಲ. ಹೋಗುವಾಗ ಹೇಳಿದ್ದು ಒಂದೇ ಮಾತು, ಗಾಡಿ ಜೋಪಾನ. ಬರೆದ ಕಾಗದದಲ್ಲೆಲ್ಲ ಅದೇ ಮಾತು. ಈಗ ಬರುವ ಶುಕ್ರವಾರ ಬರುವವನಿದ್ದ. ಲಿಂಗಸುಗೂರು ಬಸ್‌ಸ್ಟ್ಯಾಂಡಿನಿಂದ ಅವನನ್ನು ಅದೇ ಗಾಡಿಯಲ್ಲಿ ಮನೆಗೆ ಕರೆತರಬೇಕೆಂದು ಜೈನಾಬೀಯ ಹಟ. ಮೈದುನ ಹಸನ್‌ಸಾಬ್ ಆರು ವರ್ಷದಿಂದ ಗುಜರಿಗೆ ಹಾಕು ಎಂದು ಅವಳ ತಲೆ ತಿನ್ನುತ್ತಿದ್ದ. ಗಾಡಿ ಓಡದಿದ್ದರೆ ತಾನು ಕಾದದ್ದೆಲ್ಲ ಮಣ್ಣುಪಾಲು ಎಂದು ಅವಳಿಗೆ ಅನ್ನಿಸಿಬಿಟ್ಟಿತ್ತು.

ಮಾಳಿಂಗಪ್ಪ ಟ್ಯಾಂಕಿನ ಕೆಳಗಿನ ಬಿರಡೆ ಬಿಚ್ಚಿ ಹಳೆಯ ಪೆಟ್ರೋಲನ್ನು ಸುರಿದ. ಕಂದುಬಣ್ಣ, ವಾರ್ನಿಷಿನ ನಾತ. ಪಂಪಿನೊಳಗಿನ ರಬ್ಬರು ಹಪ್ಪಳದಂತೆ ಗರಿಗರಿ ಮುರಿಯಿತು. ಹೊಸದನ್ನು ತರಲು ಸಿಂಧನೂರಿಗೆ ಹೋಗಿಬಂದ. ಕಾರ್ಬುರೇಟರಿನ ಸಣ್ಣ ತೂತುಗಳಿಗೆ ತಾಮ್ರದ ಎಳೆ ಹಾಕಿ ತೆಗೆದ. ಕೊಳವೆಯನ್ನು ಬಾಯಲ್ಲಿ ಊದಿ ಊದಿ ಎರಡು ದಿನ ಚಹಾಕ್ಕೂ ಪೆಟ್ರೋಲಿನ ರುಚಿ ಬಂತು. ಹೊಸ ಪೆಟ್ರೋಲು ಹಾಕುವಾಗ ಮಾತ್ರ ಜೈನಾಬೀ ಯಾರನ್ನೂ ಹತ್ತಿರ ಬಿಡಲಿಲ್ಲ. ಟ್ಯಾಂಕಿನ ಮುಚ್ಚಳ ತಾನೇ ತೆಗೆದು, ಸೆರಗಿನಲ್ಲಿ ಹಿಡಿದುಕೊಂಡು, ತಾನೇ ಬಿಗಿದಳು. ಮುಚ್ಚಳ ಕಳೆದರೆ ಎಲ್ಲಿಂದ ತರಲಿ ಎಂದು ಅವಳ ವಾದ.

ಗಾಡಿ ಸ್ಟಾರ್ಟ್ ಆಯಿತು. ಓಣಿಯ ಮಂದಿಯೆಲ್ಲ ಹೊರಗೆ ಬಂದರು. ಆದರೆ ಮೂರು ಮೈಲಿ ಹೋಗಿ ಕೆಮ್ಮಿ ನಿಂತಿತು. ಬೀಡಿ ಸೇದಿ ಹತ್ತು ನಿಮಿಷ ಕೂತರೆ ಮತ್ತೆ ಸ್ಟಾರ್ಟ್ ಆಯಿತು, ಮತ್ತೆ ಮೂರು ಮೈಲಿ, ಮತ್ತೆ ನಿಂತಿತು. ಕಸ ಇನ್ನೂ ಉಳಿದಿರಬೇಕೆಂದು ಎಲ್ಲವನ್ನೂ ಎರಡನೇ ಸಲ ಬಿಚ್ಚಿದ. ಒಂದು ಕಣ ಕಸವಿಲ್ಲ. ಹಾಗಾದರೆ ಕೂತು ವಿಶ್ರಾಂತಿ ತೆಗೆದುಕೊಂಡರೆ ಏಳುವುದು ಯಾವ ಸೀಮೆಯ ರೋಗ? ಮಾಳಿಂಗಪ್ಪನಿಗೆ ತಲೆ ಕೆಟ್ಟುಹೋಯಿತು, ಒಳಗೊಳಗೇ ಖುಷಿಯೂ ಆಯಿತು. ಹಸನ್‌ಸಾಬ್ ಮಾತ್ರ ಗುಜರಿಯವನಿಗೆ ಶನಿವಾರ ಬಾ ಎಂದು ಹೇಳಿಬಿಟ್ಟಿದ್ದ.

ಗುರುವಾರ ಜೈನಾಬೀ ತಾನೂ ಬರುತ್ತೇನೆಂದು ಹಟ ಹಿಡಿದು ಹತ್ತಿದಳು. ಹಿಂದಿನ ಸೀಟು ಇಲಿಗಳ ಪಾಲಾಗಿತ್ತು. ಮುಂದೆಯೇ, ಎಡಗಡೆ ಕೂತಳು. ಮೂರು ಮೈಲಿಗೆ ಗಾಡಿ ನಿಂತಿತು. ಪೆಟ್ರೋಲು ಎಷ್ಟಿದೆ, ಕಡ್ಡಿ ಹಾಕಿ ನೋಡೋಣವೆಂದು ಮಾಳಿಂಗಪ್ಪ ಮುಚ್ಚಳ ತೆಗೆಯಲು ಹೇಳಿದ. ಅವಳು ತಿರುವಿದಳು. ಸುಯ್ ಎಂದು ಗಾಳಿ ಒಳಗೆ ನುಗ್ಗಿತು. ಮಾಳಿಂಗಪ್ಪನ ಕಿವಿ ನೆಟ್ಟಗಾದವು. ಓಡಿಹೋಗಿ ಸ್ಟಾರ್ಟ್ ಮಾಡಿದ. ಕಾಯದೆಯೇ ಇಂಜಿನ್ ಶುರುವಾಯಿತು.

ಮುಚ್ಚಳವನ್ನು ಬೇಡಿ ಈಸಿಕೊಂಡು ಹೊರಳಿಸಿ ನೋಡಿದ. ಗಾಳಿಯಾಡಲು ಬಿಟ್ಟ ಸೂಜಿಯಷ್ಟು ತೂತು ಕೆಂಪು ಅರಗಿನಿಂದ ಮುಚ್ಚಿಹೋಗಿತ್ತು. ಕೇಳಿದ್ದಕ್ಕೆ ಜೈನಾಬೀ ಹೇಳಿದಳು: ಗಂಡ ಹೋದ ಮರುದಿನ ಅಲ್ಲಿಂದ ಪೆಟ್ರೋಲಿನ ವಾಸನೆ ಬಂತು. ಅವನು ತುಂಬಿಸಿಟ್ಟು ಹೋದದ್ದು ಹಾರಿಹೋಗಬಾರದೆಂದು ಬಳೆಗಾರನ ಹತ್ತಿರ ಅರಗು ತಂದು, ಕಾಸಿ, ತಾನೇ ತುಂಬಿದಳು. ಒಳಗಿನ ಪೆಟ್ರೋಲು ಹೋದಷ್ಟು ಹೊರಗಿನ ಗಾಳಿ ಒಳಗೆ ಬರಬೇಕು, ಬರದಿದ್ದರೆ ಪಂಪು ಎಷ್ಟು ಜಗ್ಗಿದರೂ ಪೆಟ್ರೋಲು ಬರುವುದಿಲ್ಲ, ಹತ್ತು ನಿಮಿಷ ನಿಂತರೆ ಸಂದಿಯಲ್ಲಿ ಒಂದಿಷ್ಟು ಗಾಳಿ ಜಿನುಗಿ ಮತ್ತೆ ಮೂರು ಮೈಲಿ ನಡೆಯುತ್ತದೆ ಎಂದು ಅವನು ವಿವರಿಸಿದ. ಅವಳು ಹಣೆ ಹಣೆ ಬಡಿದುಕೊಂಡಳು.

“ಎಣ್ಣಿ ಡಬ್ಬಿಗೆ ಎರಡು ತೂತು ಹೊಡೀತೀನಲ್ಲೋ ಅಣ್ಣಾ, ಒಂದಕ್ಕ ಎಣ್ಣಿ ಬರಂಗಿಲ್ಲಂತ. ಇಲ್ಲಿ ಯಾಕ ತಿಳೀಲಿಲ್ಲ ನನಗ?”

ಮಾಳಿಂಗಪ್ಪನಿಗೆ ನಾಚಿಕೆಯಾಯಿತು. ಪಂಪು, ಕೊಳವೆ, ಎಲ್ಲವನ್ನೂ ಬಿಚ್ಚಿ ಕೇಳಿದವನು, ಆರು ವರ್ಷ ಗಾಡಿ ಕಾದವಳನ್ನು ಒಂದು ಮಾತು ಕೇಳಿರಲಿಲ್ಲ. ಅವಳ ತಲೆಯ ಪಿನ್ನನ್ನೇ ಬೀಡಿ ಹಚ್ಚುವ ಬೆಂಕಿಕಡ್ಡಿಯಲ್ಲಿ ಕಾಸಿ ಅರಗು ಕರಗಿಸಿದ.

ಶುಕ್ರವಾರ ಮಾಳಿಂಗಪ್ಪ ಓಡಿಸಿದ ಗಾಡಿ ಎಲ್ಲೂ ನಿಲ್ಲದೆ ಲಿಂಗಸುಗೂರು ಮುಟ್ಟಿತು. ರಾಯಚೂರಿನ ಬಸ್ಸಿನಿಂದ ಇಳಿದ ಇಸ್ಮಾಯಿಲ್‌ಸಾಬ್‌ಗೆ ಗಾಡಿ ಒಂದು ಬಿಟ್ಟು ಬೇರೇನೂ ಕಾಣಲಿಲ್ಲ. ಬಾನೆಟ್ ಸವರಿದ, ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟ, ಸರಿ ನಾನೇ ಓಡಿಸುತ್ತೇನೆ ಎಂದು ಬಿರಬಿರನೆ ಹೋಗಿ ಎಡಗಡೆಯ ಬಾಗಿಲು ತೆರೆದ. ಸೌದಿಯ ಗಾಡಿಗಳಲ್ಲಿ ಸ್ಟೇರಿಂಗ್ ಎಡಕ್ಕೆ. ಆರು ವರ್ಷದ ರೂಢಿ. ತೆರೆದ ಬಾಗಿಲೊಳಗೆ ಜೈನಾಬೀ ಕೂತಿದ್ದಳು. ಅವನ ಕೈ ಬಾಗಿಲ ಮೇಲೇ ಉಳಿಯಿತು.

“ಸ್ಟೇರಿಂಗ್ ಆ ಕಡಿ ಐತ್ರಿ,” ಎಂದಳು ಜೈನಾಬೀ. “ಈ ಕಡಿ ನಾನದೀನಿ.”

ಇಸ್ಮಾಯಿಲ್‌ಸಾಬ್ ಬಸ್‌ಸ್ಟ್ಯಾಂಡಿನ ಮಂದಿಯೆದುರೇ ಬಾಗಿಲ ಬುಡದಲ್ಲಿ ಕುಕ್ಕರಿಸಿ ಕೂತು ಬಿಕ್ಕಿಬಿಕ್ಕಿ ಅತ್ತ.